ಮೈಲಿಗಲ್ಲಿನ ಮೇಲಿಟ್ಟ ಟೈರು

ಅರ್ಮಾಂತಿಯೆರ್,
ಭಾನುವಾರ ಮಧ್ಯಾಹ್ನ

ಪ್ರೀತಿಯ ಸಾಂತೊ,

ಕವರಿನ ಹಿಂದೆ ಲೆಯೊನ್ಸ್ ವಾತೆಲ್ ಎಂಬ ಹೆಸರು ಕಂಡ ಕೂಡಲೇ ಇದನ್ನು ಒಲೆಗೆ ಹಾಕೋಣ ಎಂದು ನಿನಗೆ ಅನ್ನಿಸುತ್ತದೆ. ಅನ್ನಿಸಲಿ. ನಿನ್ನ ಮೊಂಡುತನ ನನಗೆ ಹೊಸದೇನಲ್ಲ. ಆದರೆ ಹಾಕುವ ಮುಂಚೆ ಒಂದು ಸಲ ಓದಿಬಿಡು. ಬರೆಯುತ್ತಿರುವವನು ಅರವತ್ತರ ಹತ್ತಿರ ಬಂದ ಮನುಷ್ಯ, ಒಂದು ಮಂಡಿ ಮಡಚಲು ಬರುವುದಿಲ್ಲ, ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ಬೀಳುತ್ತವೆ. ಇಷ್ಟು ಕಷ್ಟಪಟ್ಟದ್ದಕ್ಕಾದರೂ ಮರ್ಯಾದೆ ಕೊಡು.

ನಿನ್ನ ವಿಳಾಸ ಸಿಕ್ಕಿದ್ದು ಒಬ್ಬ ಸುಣ್ಣದ ವ್ಯಾಪಾರಿಯಿಂದ. ನಾನು ಈಗ ಇಲ್ಲಿ ಸ್ಟೇಷನ್ ರಸ್ತೆಯಲ್ಲಿ ಕಾಫಿ, ಬಿಯರು ಕೊಡುವ ಒಂದು ಸಣ್ಣ ಅಂಗಡಿ ನಡೆಸುತ್ತೇನೆ. ಗೋಡೆಯ ಮೇಲೆ ನಾನು ಸೈಕಲ್ಲಿನ ಮೇಲಿರುವ ಫೋಟೋಗಳಿವೆ. ರೈಲಿಗೆ ಕಾಯುತ್ತಿದ್ದ ಆ ವ್ಯಾಪಾರಿ ಅವನ್ನು ನೋಡಿ ಹೇಳಿದ: "ಗ್ರೆನೋಬ್ಲಲ್ಲಿ ನಮ್ಮ ಹತ್ರ ಸುಣ್ಣ ಕೊಳ್ಳೋ ಇಟಲಿಯವನು ಒಬ್ಬ ಇದಾನೆ. ಗಾರೆ ಕೆಲಸದಲ್ಲಿ ಎತ್ತಿದ ಕೈ. ಎಲ್ಲ ಮಾತೂ ಆಡ್ತಾನೆ, ಸೈಕಲ್ ಓಟದ ಮಾತು ಬಂತು ಅಂದ್ರೆ ಮಾತ್ರ ಕರಣೆ ಎತ್ಕೊಂಡು ಹೊರಟುಬಿಡ್ತಾನೆ." ಹೆಸರೇನು ಎಂದು ಕೇಳಿದೆ. ಸಾಂತೊ ಚೆಸ್ಕುತ್ತಿ ಎಂದ. ನನ್ನ ಕೈಯಲ್ಲಿದ್ದ ಬಿಯರು ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಪಾಪ, ಅವನು ಒದ್ದೆ ಪ್ಯಾಂಟಿನಲ್ಲೇ ನಿನ್ನ ಬೀದಿಯ ಹೆಸರು ಬರೆದುಕೊಟ್ಟು ರೈಲು ಹತ್ತಿದ.

ವಿಳಾಸ ಸಿಕ್ಕಿ ಎಷ್ಟೋ ತಿಂಗಳಾಯಿತು. ಬರೆಯುವ ಧೈರ್ಯ ಬಂದಿರಲಿಲ್ಲ. ಬರೆಸಿದ್ದು ಹೆಕ್ತೊರ್. ನೆನಪಿದೆಯಲ್ಲ, ಹಳದಿ ಕಪ್ಪು ಪಟ್ಟೆಯ ಅಂಗಿ ತೊಡುತ್ತಿದ್ದ ಸೈಕಲ್ ಕಂಪನಿಯ ತಂಡದ ನಾಯಕ, ಬೆಟ್ಟ ಹತ್ತುವಾಗಲೂ ಬೈತಲೆ ಕೆಡಬಾರದು ಎನ್ನುವವನು. ಈಗ ತೆಗೆಯಲು ಬೈತಲೆಯೇ ಇಲ್ಲ, ಹೊಟ್ಟೆ ಮಾತ್ರ ಎರಡಾಳಿನದು. ಸೆಪ್ಟೆಂಬರಿನಲ್ಲಿ ಹಳೆಯ ಸವಾರರೆಲ್ಲ ಸೇರಿ ಊಟ ಮಾಡಬೇಕೆಂದು ಹೋದ ವಾರ ನನ್ನ ಅಂಗಡಿಯಲ್ಲೇ ಅವರ ಸಭೆ ನಡೆಯಿತು. ಯಾರನ್ನೆಲ್ಲ ಕರೆಯುವುದು ಎಂಬ ಮಾತು ಬಂತು. ನಾನು ಲೋಟ ಒರೆಸುತ್ತಲೇ ನಿನ್ನ ಹೆಸರು ಹೇಳಿದೆ.

"ಯಾರು, ಆ ಟೈರು ಕಳ್ಳನಾ?" ಎಂದ ಹೆಕ್ತೊರ್. "ಅವನು ಬಂದ್ರೆ ಊಟ ಆದ್ಮೇಲೆ ಚಮಚ ಎಣಿಸ್ಕೋಬೇಕಾಗತ್ತೆ ಕಣಯ್ಯಾ!"

ಎಲ್ಲರೂ ನಕ್ಕರು. ಅವನು ಕದ್ದಿಲ್ಲ ಎಂದೆ ನಾನು.

"ಕದ್ದೋನೇ ಬಾಯ್ಬಿಟ್ಟು ಕದ್ದೆ ಅಂದ. ನೀನ್ಯಾವ ಊರಿನ ವಕೀಲನಯ್ಯಾ ಮಧ್ಯ? ನೀನು ಕಣ್ಣಾರೆ ನೋಡಿದೀಯಾ ಅಲ್ಲೇನು ನಡೀತು ಅಂತ?"

ಆ ಮಾತಿಗೆ ನನ್ನ ಬಾಯಿ ಕಟ್ಟಿಹೋಯಿತು. ಕಣ್ಣಾರೆ ನಾನು ನೋಡಿರಲಿಲ್ಲ, ಕಿವಿಯಾರೆ ಕೇಳಿದ್ದೆ ಅಷ್ಟೆ. ಸಾಂತೊ ಬರದ ಊಟವನ್ನು ಬೇರೆ ಎಲ್ಲಾದರೂ ಇಟ್ಟುಕೊಳ್ಳಿ ಎಂದುಬಿಟ್ಟೆ. ಅವರು ಲೋಟ ಅರ್ಧಕ್ಕೇ ಬಿಟ್ಟು ಟೊಪ್ಪಿ ಹಾಕಿಕೊಂಡು ಹೊರಟರು. ಬಾಗಿಲು ಮುಚ್ಚಿದ ಮೇಲೆ ನಾನೊಬ್ಬನೇ ಕೂತು ಯೋಚಿಸಿದೆ. ಹೆಕ್ತೊರನ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಈ ಭೂಮಿಯ ಮೇಲೆ ನೀನೊಬ್ಬನೇ. ಅದಕ್ಕೇ ಕೇಳುತ್ತಿದ್ದೇನೆ. ಆ ದಿನ ಬೆಟ್ಟದ ಮೇಲೆ, ಮೋರಿಯ ಹತ್ತಿರ, ನೀನು ನನ್ನನ್ನು ನೋಡಿದೆಯಾ?

ತಟ್ಟನೆ ಉತ್ತರ ಕೊಡಬೇಡ. ಮೊದಲು ನಾನು ಹೇಳುವುದನ್ನು ಕೇಳು. ನನಗೆ ಈ ಮಾತುಗಳನ್ನು ಆಡಲು ಬೇರೆ ಯಾರೂ ಉಳಿದಿಲ್ಲ. ನನ್ನ ಹೆಂಡತಿ ಮಾರ್ತ್ ತೀರಿಕೊಂಡ ಮೇಲೆ ಈ ಮನೆಯಲ್ಲಿ ಮಾತಾಡುವುದೆಂದರೆ ಗಿರಾಕಿಗಳು ಮತ್ತು ರೇಡಿಯೋ.

ನಮ್ಮನ್ನು ಅವರು ಏನೆಂದು ಕರೆಯುತ್ತಿದ್ದರು, ನೆನಪಿದೆಯಾ? ಒಂಟಿಗಳು. ಕಂಪನಿಯ ಬಣ್ಣ ತೊಟ್ಟವರಿಗೆ ಸಾಯಂಕಾಲ ಹೋಟೆಲು, ಬಿಸಿನೀರು, ಕಾಲು ತಿಕ್ಕುವ ಆಳು. ಯಾವ ಕಂಪನಿಯೂ ಇಲ್ಲದ ನಾವು ಒಂಟಿಗಳು ಮುನ್ನೂರು ಕಿಲೋಮೀಟರು ತುಳಿದು ಬಂದು, ಮೈಮೇಲಿನ ಧೂಳೂ ಒರೆಸಿಕೊಳ್ಳದೆ ಬೀದಿ ಬೀದಿ ಅಲೆದು ಮಲಗುವ ಜಾಗ ಹುಡುಕಬೇಕಿತ್ತು. ಫ್ರಾನ್ಸ್ ದೇಶವನ್ನೇ ಸುತ್ತುವ ಆ ಓಟವನ್ನು ನಾವು ಬರೀ ಸುತ್ತು ಎನ್ನುತ್ತಿದ್ದೆವು. ಸುತ್ತಿನ ನಿಯಮ ಒಂದೇ ಮಾತಿನದು. ಸವಾರ ಯಾರಿಂದಲೂ ಏನನ್ನೂ ತೆಗೆದುಕೊಳ್ಳಕೂಡದು. ಮುರಿದರೆ ತಾನೇ ಕೂಡಿಸಬೇಕು, ಹರಿದರೆ ತಾನೇ ಹೊಲಿಯಬೇಕು, ಪಕ್ಕದವನು ಬಾಯಾರಿ ಬಿದ್ದಿದ್ದರೆ ನೋಡಿಕೊಂಡು ಮುಂದೆ ಹೋಗಬೇಕು. ಅಷ್ಟು ಜನ ಒಂದೇ ದಾರಿಯಲ್ಲಿ ಹೋಗುತ್ತಿದ್ದರೂ ಪ್ರತಿಯೊಬ್ಬನೂ ತಾನೊಬ್ಬನೇ ಹೋದ ಹಾಗೆ ಹೋಗಬೇಕಿತ್ತು.

ನಿನ್ನ ಮೊದಲ ಸುತ್ತಿನಲ್ಲಿ, ಬ್ರಿಟನಿಯ ಬಿಸಿಲಿನಲ್ಲಿ ನೀನು ನನ್ನ ಪಕ್ಕದಲ್ಲೇ ಉರುಳಿದೆ. ತುಟಿ ಒಡೆದು ರಕ್ತ. ನಾನು ಯೋಚಿಸದೆ ನೀರಿನ ಸೀಸೆ ಚಾಚಿದೆ. ನೀನು ಒಂದು ಗುಟುಕು ಕುಡಿಯುವಷ್ಟರಲ್ಲಿ ಅಧಿಕಾರಿಗಳ ಕಾರು ಬಂತು. "ಏಯ್, ಕೊಟ್ಟೋನಿಗೂ ದಂಡ, ಕುಡಿದೋನಿಗೂ ದಂಡ!" ಎಂದು ಕಿಟಕಿಯಿಂದ ಕೂಗಿದರು. ನೀನು ಬಾಯಲ್ಲಿದ್ದ ನೀರನ್ನು ಅವರ ಕಾರಿನ ಚಕ್ರಕ್ಕೆ ಉಗಿದು, ಬಾರದ ಫ್ರೆಂಚಿನಲ್ಲಿ ಹೇಳಿದೆ: "ತಗೊಳ್ಳಿ ಸ್ವಾಮಿ, ವಾಪಸ್ ಕೊಟ್ಟಿದೀನಿ." ಅದಕ್ಕೆ ಇನ್ನೊಂದು ದಂಡ. ನಾನು ಆ ದಿನ ಸೈಕಲ್ಲಿನ ಮೇಲೆ ನಕ್ಕಷ್ಟು ಆಮೇಲೆ ಜೀವನದಲ್ಲಿ ಎಲ್ಲೂ ನಕ್ಕಿಲ್ಲ.

ಅವತ್ತು ಸಂಜೆ ಇಬ್ಬರಿಗೂ ಸಿಕ್ಕಿದ್ದು ಒಂದೇ ಹುಲ್ಲಿನ ಅಟ್ಟ. ನೀನು ನಿನ್ನ ಕಥೆ ಹೇಳಿದೆ. ಯುದ್ಧದಲ್ಲಿ ಕುಸಿದ ನಮ್ಮ ಉತ್ತರದ ಊರುಗಳನ್ನು ಮತ್ತೆ ಕಟ್ಟಲು ಇಟಲಿಯ ಬೆಟ್ಟಗಳಿಂದ ಬಂದ ಗಾರೆಯವರಲ್ಲಿ ನೀನೂ ಒಬ್ಬ, ನಮ್ಮ ಅರ್ಮಾಂತಿಯೆರ್‌ನ ಚರ್ಚಿನ ಚಾವಣಿಗೆ ಗಾರೆ ಬಳಿದವನು ನೀನೇ ಎಂದು ಗೊತ್ತಾದಾಗ, ಅರೆ ಇವನು ನಮ್ಮೂರವನೇ ಅಲ್ಲವೇ ಎಂದುಕೊಂಡೆ. ಆಮೇಲೆ ನೀನು ಹುಲ್ಲಿನ ಮೇಲೆ ಬೆನ್ನು ಚಾಚಿ ಆ ಉಪಾಯ ಹೇಳಿದೆ.

"ನೋಡು ಲೆಯೊನ್ಸ್, ಕೈಯಿಂದ ಕೈಗೆ ಕೊಟ್ರೆ ತಾನೆ ತಪ್ಪು? ನೀನು ಕಲ್ಲಿಗೆ ಕೊಡು. ದಾರಿ ತುಂಬ ಮೈಲಿಗಲ್ಲಿದೆ. ಕಲ್ಲು ನಂಗೆ ಕೊಡತ್ತೆ. ಕಲ್ಲಿಗೆ ಹೇಗೆ ದಂಡ ಹಾಕ್ತಾರೋ ನೋಡೇಬಿಡೋಣ."

ಹಾಗೆ ಶುರುವಾಯಿತು. ಮುಂದಿದ್ದವನು ತನ್ನಲ್ಲಿ ಹೆಚ್ಚಿದ್ದದ್ದನ್ನು ಬಲಗಡೆಯ ಮೈಲಿಗಲ್ಲಿನ ಮೇಲಿಟ್ಟು ಹೋಗಬೇಕು, ಹಿಂದಿದ್ದವನು ತೆಗೆದುಕೊಳ್ಳಬೇಕು. ತೆಗೆದುಕೊಂಡವನು 'ಸಿಕ್ತು!' ಎಂದು ಗಟ್ಟಿಯಾಗಿ ಕೂಗಬೇಕು, ಯಾರಿಗೆ ಕೇಳಿಸಲಿ ಬಿಡಲಿ. ಅದು ನಿನ್ನದೇ ಹಟ. "ಕೂಗದೆ ತಗೊಂಡ್ರೆ ಅದು ಕಳ್ಳತನ" ಎಂದು ನೀನೇ ಹೇಳಿದ್ದೆ. ನಾನು ಇಟ್ಟದ್ದು ಬೆಣ್ಣೆ ಬ್ರೆಡ್ಡು, ಒಣದ್ರಾಕ್ಷಿ, ಒಮ್ಮೊಮ್ಮೆ ಒಂದು ಟೈರು. ನೀನು ಇಟ್ಟದ್ದು ಕೋಸಿನ ಎಲೆಯಲ್ಲಿ ಸುತ್ತಿದ ಜೋಳದ ಮುದ್ದೆಯ ತುಂಡು. ಕಲ್ಲಿನ ಹಾಗೆ ಆರಿ ಗಟ್ಟಿಯಾಗಿರುತ್ತಿತ್ತು, ಕಲ್ಲು ಯಾವುದು ಮುದ್ದೆ ಯಾವುದು ಎಂದು ಹಲ್ಲಿಗೇ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಹಸುವೊಂದು ಎಲೆಯನ್ನು ತಿಂದು ಮುದ್ದೆಯನ್ನು ಬಿಟ್ಟಿತ್ತು. ಹಸುವಿಗಿರುವ ಬುದ್ಧಿ ನನಗಿರಲಿಲ್ಲ, ನಾನು ತಿಂದೆ.

ಹೊರಗಿನವರ ಕಣ್ಣಿಗೆ ನಾವು ಸ್ನೇಹಿತರೇ ಅಲ್ಲ. ಓಟ ನಡೆಯುವಾಗ ಒಂದೇ ಮೇಜಿಗೆ ಕೂರುತ್ತಿರಲಿಲ್ಲ, ಮುಖ ಕಂಡರೆ ತಲೆ ಮಾತ್ರ ಆಡಿಸುತ್ತಿದ್ದೆವು. ಚಳಿಗಾಲದಲ್ಲಿ ನೀನು ಕರಣೆ ಹಿಡಿಯುತ್ತಿದ್ದೆ, ನಾನು ಲಿನನ್ ಗಿರಣಿಗೆ ಹೋಗುತ್ತಿದ್ದೆ. ಭಾನುವಾರ ಮಾತ್ರ ನೀನು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದೆ. ಅಮ್ಮ ನನ್ನ ತಟ್ಟೆ ನೋಡುವ ಮುಂಚೆ ನಿನ್ನ ತಟ್ಟೆ ನೋಡುತ್ತಿದ್ದಳು. "ಈ ಹುಡುಗನ ಮೂಳೆ ಎಣಿಸ್ಬೋದು, ಇನ್ನೊಂದು ಸೌಟು ಹಾಕ್ಕೊಳಪ್ಪಾ" ಎನ್ನುವಳು. ಹಾಗೆ ಮೂರು ಬೇಸಿಗೆ, ನಡುವೆ ಎರಡು ಚಳಿಗಾಲ. ನನ್ನ ಬಾಳಿನಲ್ಲಿ ಒಂಟಿ ಎಂಬ ಹೆಸರಿದ್ದದ್ದು ಆ ಮೂರು ವರ್ಷ, ನಿಜವಾಗಿ ಒಂಟಿಯಾಗಿಲ್ಲದ್ದೂ ಆ ಮೂರೇ ವರ್ಷ.

ಇನ್ನು ಆ ದಿನ. ಹೆಕ್ತೊರನ ಕಂಪನಿ ಒಂಟಿಗಳಲ್ಲಿ ಒಬ್ಬನನ್ನು ಮುಂದಿನ ವರ್ಷಕ್ಕೆ ತನ್ನ ತಂಡಕ್ಕೆ ಸೇರಿಸಿಕೊಳ್ಳುತ್ತದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅದು ನೀನು, ಇಲ್ಲವೇ ನಾನು ಎಂಬುದೂ ಗೊತ್ತಿತ್ತು. ಪಿರಿನೀಸ್ ಬೆಟ್ಟಗಳನ್ನು ಮೊದಲು ಇಳಿದು ಬಂದ ಒಂಟಿಗೆ ಕೆಲಸ ಖಾಯಂ. ಆ ಬೆಳಗ್ಗೆ ಹೊರಡುವ ಸಾಲಿನಲ್ಲಿ ನಿನ್ನ ಪಕ್ಕಕ್ಕೆ ಬಂದು ನಿಂತೆ. ನೀನೇ ಪಿಸುಗುಟ್ಟಿದೆ: "ಇವತ್ತು ಕಲ್ಲಿಗೆ ರಜಾನಾ?" ನಾನು "ಯಾಕೋ? ಕಲ್ಲಿಗೆ ಯಾವ ಕಂಪನಿ?" ಎಂದೆ. ನಿನ್ನ ಮುಖ ಅರಳಿತು. ಅದು ನಾನು ನೋಡಿದ ನಿನ್ನ ಕೊನೆಯ ನಗು.

ಜುಲೈ ತಿಂಗಳಲ್ಲಿ ಹಿಮ ಬೆರೆತ ಮಳೆ. ಏರಿನಲ್ಲಿ ನಿನ್ನ ಟೈರು ಹೋಗಿ ನೀನು ಕೆಳಗಿನ ತಿರುವಿನಲ್ಲಿ ನಿಂತದ್ದನ್ನು ನಾನು ಮೇಲಿನಿಂದ ನೋಡಿದೆ. ತುದಿ ದಾಟಿದ ಮೇಲೆ ನನ್ನ ಹಿಂದಿನ ಟೈರೂ ಹೋಯಿತು. ಕೈ ಮರಗಟ್ಟಿ ಬೆರಳುಗಳು ನನ್ನವೇ ಅಲ್ಲ ಎನ್ನಿಸುತ್ತಿತ್ತು. ರಿಮ್ಮಿಗೆ ಅಂಟಿದ ಹಳೆಯ ಟೈರನ್ನು ಆ ಗಾಳಿಯಲ್ಲಿ ಕೀಳುವುದು ಆಗದ ಮಾತು. ರಸ್ತೆಯ ಕೆಳಗೆ ಒಂದು ಮೋರಿ ಇತ್ತು. ಅದರೊಳಗೆ ಕೂತು ಹಲ್ಲಿನಿಂದಲಾದರೂ ಕೀಳೋಣ ಎಂದು ಸೈಕಲ್ಲನ್ನು ಹೆಗಲಿಗೆ ಎತ್ತಿದೆ. ಎತ್ತುವ ಮುಂಚೆ ಹೆಗಲಿಗೆ ಸುತ್ತಿಕೊಂಡಿದ್ದ ಒಂದೇ ಒಂದು ಒಳ್ಳೆಯ ಟೈರನ್ನು ತೆಗೆದೆ. ಕೆಳಗೆ ಇಟ್ಟರೆ ಕೆಸರು, ಚೂಪು ಕಲ್ಲು. ಪಕ್ಕದಲ್ಲಿ ಮೈಲಿಗಲ್ಲು ಇತ್ತು. ಮೂರು ಬೇಸಿಗೆಯ ರೂಢಿ, ಸಾಂತೊ. ಕೈ ತಾನಾಗಿಯೇ ಹೋಗಿ ಟೈರನ್ನು ಅದರ ಮೇಲಿಟ್ಟಿತು. ಒಂದು ನಿಮಿಷದಲ್ಲಿ ಬಂದು ತೆಗೆದುಕೊಂಡರಾಯಿತು ಎಂದು ನಾನು ಕೆಳಗಿಳಿದೆ.

ಮೋರಿಯೊಳಗೆ ಹಳೆಯ ಟೈರನ್ನು ಕಚ್ಚಿಕೊಂಡು ಎಳೆಯುತ್ತಿದ್ದಾಗ ಮೇಲಿನಿಂದ ನಿನ್ನ ಕೂಗು ಕೇಳಿಸಿತು. "ಸಿಕ್ತೂ!" ಎಷ್ಟು ಖುಷಿಯ ಕೂಗು ಅದು! ಬಾಯಲ್ಲಿ ಟೈರಿದ್ದುದರಿಂದ ತಕ್ಷಣ ಕೂಗಲೂ ಆಗಲಿಲ್ಲ. ತೆವಳಿಕೊಂಡು ಮೇಲೆ ಬಂದಾಗ ಕಲ್ಲು ಬರಿದಾಗಿತ್ತು, ನೀನು ಟೈರನ್ನು ಹೆಗಲಿಗೆ ಹಾಕಿಕೊಂಡು ಹೋಗಿಯಾಗಿತ್ತು, ರಸ್ತೆಯ ತುಂಬ ಮಂಜು. ನಿನ್ನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದೆ. ಗಾಳಿ ನನ್ನ ಮುಖಕ್ಕೇ ಬೀಸುತ್ತಿತ್ತು, ಕೂಗಿದ್ದೆಲ್ಲ ನನಗೇ ವಾಪಸು ಬಂತು.

ಬೆಟ್ಟವಿಡೀ ಬರಿಯ ರಿಮ್ಮಿನ ಮೇಲೆ, ಅದು ಸೀಳಿದ ಮೇಲೆ ಕಾಲ್ನಡಿಗೆಯಲ್ಲಿ ಇಳಿದೆ. ಊರು ಮುಟ್ಟುವ ಹೊತ್ತಿಗೆ ಬಂದ ಸವಾರರಿಂದ ಸಹಿ ಹಾಕಿಸುವ ಮೇಜನ್ನೂ ಮಡಿಚಿ ಗಾಡಿಗೆ ಹಾಕಿದ್ದರು. ನನ್ನ ಸುತ್ತು ಅಲ್ಲಿಗೆ ಮುಗಿಯಿತು. ಅಲ್ಲೇ ಕುಸಿದೆನಂತೆ. ಸನ್ಯಾಸಿನಿಯರ ಆಸ್ಪತ್ರೆಯಲ್ಲಿ ಜ್ವರ ಬಿಟ್ಟು ಕಣ್ಣು ತೆರೆದಾಗ ಪಕ್ಕದ ಮಂಚದವನು ಪತ್ರಿಕೆ ಓದಿ ಹೇಳಿದ. ನಿನ್ನ ಚಕ್ರದ ಮೇಲಿದ್ದ ಟೈರಿನ ಹೊಟ್ಟೆಗೆ ನೀಲಿ ದಾರದ ಹೊಲಿಗೆ ಇತ್ತು. ನಮ್ಮಮ್ಮ ಗಿರಣಿಯ ನೀಲಿ ಲಿನನ್ ದಾರದಲ್ಲಿ ನನ್ನ ಟೈರುಗಳನ್ನು ಹೊಲಿಯುತ್ತಾಳೆ ಎಂದು ಎಲ್ಲರೂ ನನ್ನನ್ನು ಗೇಲಿ ಮಾಡುತ್ತಿದ್ದರಲ್ಲ. ಹೆಕ್ತೊರ್ ಅದನ್ನು ಕಂಡು "ಇದು ಲೆಯೊನ್ಸನ ಅಮ್ಮನ ಕಸೂತಿ ಅಲ್ವಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದನಂತೆ. ಅಧಿಕಾರಿಗಳು ನಿನ್ನನ್ನು ಕೇಳಿದರಂತೆ. ನೀನು ಒಂದೇ ಮಾತು ಹೇಳಿದೆ: "ಕದ್ದೆ."

ನನಗೆ ಆಗಲೇ ಅರ್ಥವಾಯಿತು ಎಂದುಕೊಂಡೆ. ಕಲ್ಲಿನ ಮೇಲೆ ಸಿಕ್ಕಿತು ಎಂದಿದ್ದರೆ ಯಾರು ಇಟ್ಟರು, ಯಾಕೆ ಇಟ್ಟರು ಎಂದು ಕೆದಕಿ ಮೂರು ವರ್ಷದ ಕಥೆಯೆಲ್ಲ ಹೊರಗೆ ಬೀಳುತ್ತಿತ್ತು. ಇಬ್ಬರ ಓಟದ ಲೈಸೆನ್ಸೂ ಹೋಗುತ್ತಿತ್ತು. ಕದ್ದೆ ಎಂದರೆ ಒಬ್ಬನದೇ. ನನ್ನನ್ನು ಉಳಿಸಲು ನೀನು ಆ ಹೆಸರು ಹೊತ್ತುಕೊಂಡೆ ಎಂದು ನಾನು ಆಸ್ಪತ್ರೆಯ ದಿಂಬಿಗೆ ಮುಖ ಒತ್ತಿ ಅತ್ತೆ. ಸಾಂತೊ ಎಂದರೆ ನಿಮ್ಮ ಭಾಷೆಯಲ್ಲಿ ಸಂತ ಎಂದಲ್ಲವೇ, ಪತ್ರಿಕೆಯವರಂತೂ ಹೆಸರು ಸಂತ, ಕಸುಬು ಕಳ್ಳತನ ಎಂದು ಬರೆದು ಕುಣಿದರು. ನಿನ್ನನ್ನು ಸುತ್ತಿನಿಂದ ಹೊರಗೆ ಹಾಕಿದರು.

ನಾನು ಸುಮ್ಮನೆ ಕೂರಲಿಲ್ಲ, ಇದನ್ನು ನೀನು ನಂಬಬೇಕು. ಎದ್ದು ನಿಲ್ಲಲು ಆದ ದಿನವೇ ಅಧಿಕಾರಿಗಳ ಕಚೇರಿಗೆ ಹೋದೆ. ಟೈರು ನಾನೇ ಇಟ್ಟದ್ದು, ನಾವಿಬ್ಬರೂ ಮೂರು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ, ನನ್ನ ಲೈಸೆನ್ಸೂ ತೆಗೆದುಕೊಳ್ಳಿ ಎಂದೆ. ಅಲ್ಲಿದ್ದ ಮೀಸೆಯವನು ಎದ್ದು ಬಂದು ನನ್ನ ಭುಜ ಹಿಡಿದುಕೊಂಡ. "ಎಂಥ ದೊಡ್ಡ ಮನಸ್ಸಪ್ಪಾ ನಿಂದು! ನಿನ್ನ ಹೊಟ್ಟೆ ಮೇಲೆ ಹೊಡೆದೋನನ್ನೂ ಕಾಪಾಡೋಕೆ ಬಂದಿದೀಯಲ್ಲ!" ಎಂದು ಕಣ್ಣೊರೆಸಿಕೊಂಡ. ನಾನು ಎಷ್ಟು ಆಣೆ ಇಟ್ಟೆನೋ ಅಷ್ಟೂ ನನ್ನ ದೊಡ್ಡತನಕ್ಕೇ ಜಮೆಯಾಯಿತು. ಮಾರನೆಯ ದಿನ ಪತ್ರಿಕೆಯಲ್ಲಿ ನನ್ನ ಫೋಟೋ. ಕಳ್ಳನನ್ನು ಕ್ಷಮಿಸಿದ ವೀರ! ಆ ವಾರವೇ ಹಳದಿ ಕಪ್ಪು ಪಟ್ಟೆಯ ಕಂಪನಿ ನನಗೆ ಕೆಲಸ ಕೊಟ್ಟಿತು.

ನಿನ್ನ ಬಾಡಿಗೆ ಕೋಣೆಗೆ ಓಡಿದೆ. ಮನೆಯೊಡತಿ ಬಾಗಿಲಲ್ಲೇ ಹೇಳಿದಳು: "ಕರಣೆ, ಗೋಣಿಚೀಲ ತಗೊಂಡು ಹೋದ. ಎಲ್ಲಿಗೆ ಅಂದೆ, ಗಾರೆ ಒಣಗದೇ ಇರೋ ಊರಿಗೆ ಅಂದ." ಸೈಕಲ್ಲು ಮಾತ್ರ ಅಂಗಳದಲ್ಲಿ ಗೋಡೆಗೆ ಒರಗಿಕೊಂಡಿತ್ತು. ಅಮ್ಮ ಮುಂದಿನ ಭಾನುವಾರವೂ ಸಾರನ್ನು ಹೆಚ್ಚಿಗೆ ಮಾಡಿದಳು. ಅದರ ಮುಂದಿನ ಭಾನುವಾರವೂ ಮಾಡಿದಳು.

ಆಮೇಲೆ ಎಂಟು ವರ್ಷ ನಾನು ಕಂಪನಿಯ ಸವಾರ. ಹೊಟ್ಟೆ ತುಂಬ ಊಟ, ಮೆತ್ತನೆಯ ಹಾಸಿಗೆ, ಕಾಲು ತಿಕ್ಕುವ ಆಳು. ನನ್ನ ಕೆಲಸ ಹೆಕ್ತೊರನ ಸೇವೆ. ಅವನಿಗೆ ಬಾಯಾರಿದರೆ ನಾನು ದಾರಿಯ ಅಂಗಡಿಗೆ ನುಗ್ಗಿ ಬಾಟಲಿ ತರಬೇಕು, ಗಾಳಿ ಎದುರಿದ್ದರೆ ನಾನು ಮುಂದೆ ಹೋಗಿ ತಡೆಯಬೇಕು. ತಂಡ ಕಟ್ಟಿಕೊಂಡು ಹೋಗುವ ಕಂಪನಿಗಳಿಗೆ ಹೊಸ ನಿಯಮಗಳು ಬಂದಿದ್ದವು, ಕೈಯಿಂದ ಕೈಗೆ ಕೊಡುವುದು ಈಗ ಸಂಬಳದ ಕೆಲಸ. ಸುತ್ತ ಯಾವಾಗಲೂ ಜನ, ಹಾಡು, ಬೈಗುಳ. ಅಷ್ಟು ಜನರ ನಡುವೆ ಗಂಟೆಗಟ್ಟಲೆ ತುಳಿಯುತ್ತ ಹೋಗುವಾಗ ನನ್ನ ಜೊತೆ ಯಾರೂ ಇಲ್ಲ ಎನ್ನಿಸುತ್ತಿತ್ತು. ಹೆಕ್ತೊರ್ ನನ್ನ ಕೈಯಿಂದ ಎಷ್ಟು ಸಾವಿರ ಬಾಟಲಿ ತೆಗೆದುಕೊಂಡನೋ, ಒಂದು ಸಲವೂ ಸಿಕ್ಕಿತು ಎನ್ನಲಿಲ್ಲ.

ನಾನು ಒಂದೆರಡು ಸಲ ಮೈಲಿಗಲ್ಲಿನ ಮೇಲೆ ಕಿತ್ತಳೆ ಹಣ್ಣು ಇಟ್ಟು ಬಂದದ್ದುಂಟು. ಹೆಕ್ತೊರ್ ನೋಡಿ, "ಯಾರಿಗಯ್ಯಾ ಅದು, ದೆವ್ವಕ್ಕಾ?" ಎಂದ. ಹೂಂ ಎಂದೆ. ಕಿವಿ ಹಿಂದಕ್ಕೇ ಇರುತ್ತಿತ್ತು. ನೀನು ಸುತ್ತಿನಲ್ಲಿಲ್ಲ ಎಂದು ಗೊತ್ತಿದ್ದೂ ಇರುತ್ತಿತ್ತು. ಕೊನೆಗೊಂದು ವರ್ಷ ಕಂಪನಿ ನನ್ನನ್ನು ಕರೆಯಲಿಲ್ಲ. ಮಾರ್ತ್‌ಳನ್ನು ಮದುವೆಯಾಗಿ ಈ ಅಂಗಡಿ ಹಾಕಿದೆ. ಎರಡನೆಯ ಯುದ್ಧ ಬಂದು ಇಟಲಿ ನಮ್ಮ ಮೇಲೆ ಬಿದ್ದಾಗ ಗಿರಾಕಿಯೊಬ್ಬ "ನಿನ್ನ ಟೈರು ಕಳ್ಳನ ಜಾತಿಯೇ ಅಷ್ಟು" ಎಂದ. ಅವನನ್ನು ಕುರ್ಚಿ ಸಮೇತ ಹೊರಗೆ ಹಾಕಿದೆ. ಮಾರ್ತ್ ಕುರ್ಚಿಯನ್ನು ಮಾತ್ರ ವಾಪಸು ತಂದಳು.

ಆಕೆಗೆ ಎಲ್ಲವನ್ನೂ ಹೇಳಿದ್ದೆ, ಒಂದನ್ನು ಬಿಟ್ಟು. ಆ ಒಂದನ್ನು ನಿನಗೇ ಹೇಳಬೇಕು. ನಾನು ಮೋರಿಯಿಂದ ಮೇಲೆ ಬಂದಾಗ ರಸ್ತೆಯ ಅಂಚಿನಲ್ಲಿ ಹಿಮದ ಕೆಸರಿತ್ತು. ಅದರಲ್ಲಿ ನಿನ್ನ ಬೂಟಿನ ಗುರುತುಗಳಿದ್ದವು. ಮೈಲಿಗಲ್ಲಿನಿಂದ ಮೋರಿಯ ಅಂಚಿನವರೆಗೆ ಬಂದಿದ್ದವು, ಅಲ್ಲಿ ನಿಂತಿದ್ದವು, ತಿರುಗಿ ಹೋಗಿದ್ದವು. ಆ ಅಂಚಿನಿಂದ ಬಗ್ಗಿ ನೋಡಿದರೆ ನಾನು ಕಾಣುತ್ತಿದ್ದೆ. ಬಗ್ಗದಿದ್ದರೆ ಕಾಣುತ್ತಿರಲಿಲ್ಲ. ನೀನು ಮೂತ್ರಕ್ಕೆ ನಿಂತಿದ್ದಿರಬಹುದು, ಆ ಚಳಿಯಲ್ಲಿ ಎಲ್ಲರಿಗೂ ಅದೇ ಅವಸರ. ಹಾಗೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೂ ಒಂದು ಚಳಿಗಾಲ ನೀನು ನೋಡಿದೆ ಎನ್ನಿಸುತ್ತದೆ, ಇನ್ನೊಂದು ಚಳಿಗಾಲ ನೋಡಲಿಲ್ಲ ಎನ್ನಿಸುತ್ತದೆ. ನೋಡಿಯೂ ತೆಗೆದುಕೊಂಡು ಹೋಗಿದ್ದರೆ ನೀನು ಅಧಿಕಾರಿಗಳಿಗೆ ಹೇಳಿದ್ದು ತ್ಯಾಗವಲ್ಲ, ಬರೀ ನಿಜ. ಆಗ ಆ ಕೂಗು ಏನು? ನೋಡಿದ ಮೇಲೂ ಅಷ್ಟು ಖುಷಿಯಾಗಿ ಕೂಗಲು ನಿನ್ನಿಂದ ಆಗುತ್ತಿತ್ತೇ? ಇಲ್ಲವೇ, ನಾನು ಮೋರಿಯಲ್ಲಿದ್ದೇನೆ ಎಂದು ತಿಳಿದೇ, ಇದು ಕಳ್ಳತನವಾಗಬಾರದು ಎಂದು ಕೂಗಿದೆಯೇ? ಹೆಕ್ತೊರ್ ಕೇಳಿದಾಗ ನನ್ನ ಬಾಯಿ ಕಟ್ಟಿದ್ದು ಈ ಗುರುತುಗಳಿಂದ. ಜನರೆದುರು ನೀನು ಕದ್ದಿಲ್ಲ ಎಂದು ಜಗಳವಾಡುತ್ತ, ಮನೆಗೆ ಬಂದು ಆ ಕೆಸರನ್ನೇ ನೋಡುತ್ತ ಕೂರುವುದು ತುಂಬ ದಣಿಸುತ್ತದೆ ಸಾಂತೊ. ಅದನ್ನು ಹಂಚಿಕೊಳ್ಳಲೂ ಯಾರಿಲ್ಲ.

ಇಲ್ಲಿಯವರೆಗೆ ಬರೆದು ಚಿಕೋರಿ ಕಾಫಿ ಮಾಡಿಕೊಳ್ಳಲು ಎದ್ದೆ. ನೀರು ಕುದಿಯುವಾಗ ನಿನ್ನ ಉತ್ತರ ಹೇಗಿರಬಹುದು ಎಂದು ಯೋಚಿಸಿದೆ. ನೋಡಲಿಲ್ಲ ಎಂದು ಬರೆದರೆ, ಇವನು ನನ್ನ ಸಮಾಧಾನಕ್ಕೆ ಬರೆದ ಎಂದುಕೊಳ್ಳುತ್ತೇನೆ. ನೋಡಿದೆ ಎಂದು 'ಕದ್ದೆ' ಎಂದ ಹಾಗೆ ಒಂದೇ ಮಾತಿನಲ್ಲಿ ಬರೆದರೆ, ಮತ್ತೆ ಯಾರನ್ನು ಉಳಿಸುತ್ತಿದ್ದಾನೋ ಎಂದುಕೊಳ್ಳುತ್ತೇನೆ. ನಿನ್ನ ಮಾತಿನಿಂದ ನನ್ನ ಚಳಿಗಾಲಗಳು ಮುಗಿಯುವುದಿಲ್ಲ. ಆಗ ಇನ್ನೊಂದು ಯೋಚನೆ ಬಂತು, ಇಷ್ಟು ವರ್ಷ ಅದು ಯಾಕೆ ಬರಲಿಲ್ಲವೋ! ನೀನು ಆ ಅಂಚಿನಿಂದ ಬಗ್ಗಿ, ಲೆಯೊನ್ಸ್, ನನ್ನ ಟೈರೂ ಹೋಗಿದೆ, ಅದನ್ನು ನನಗೆ ಕೊಡು ಎಂದು ಕೇಳಿದ್ದರೆ ನಾನು ಏನು ಮಾಡುತ್ತಿದ್ದೆ? ನಿನ್ನ ವಂಶವನ್ನೆಲ್ಲ ಬೈಯುತ್ತಿದ್ದೆ. ಜೋಳದ ಮುದ್ದೆಯನ್ನೂ ಬಿಡದೆ ಬೈಯುತ್ತಿದ್ದೆ. ಬೈದು, ಕೊಡುತ್ತಿದ್ದೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಕಾಫಿ ಉಕ್ಕಿಹೋಯಿತು, ಹೋಗಲಿ.

ಆದ್ದರಿಂದ ಮೇಲೆ ಕೇಳಿದ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉತ್ತರ ಬರೆಯಬೇಡ. ಬರೆದರೂ ನಾನು ಆ ಸಾಲನ್ನು ಬಿಟ್ಟು ಓದುತ್ತೇನೆ. ನೀನು ಕೂಗಿದ್ದಷ್ಟೇ ನನಗೆ ಸಾಕು.

ಹೆಕ್ತೊರ್ ಮತ್ತು ಉಳಿದವರು ಸೆಪ್ಟೆಂಬರಿನ ಊಟವನ್ನು ದೊಡ್ಡ ಹೋಟೆಲಿನಲ್ಲಿ ಇಟ್ಟುಕೊಂಡಿದ್ದಾರೆ. ಒಳ್ಳೆಯದಾಯಿತು. ಅದೇ ಭಾನುವಾರ ನಾನು ಅಂಗಡಿ ಮುಚ್ಚುತ್ತೇನೆ. ಬಿಯರಿನಲ್ಲಿ ಬೇಯಿಸಿದ ಮಾಂಸ ಮಾಡುತ್ತೇನೆ, ಅಮ್ಮನ ಕೈರುಚಿ ಬರದಿದ್ದರೂ ತಿನ್ನಬಹುದು. ಲಿಲ್ ಪಟ್ಟಣದಲ್ಲಿ ಇಳಿದು ಸಣ್ಣ ರೈಲು ಹಿಡಿ. ಸ್ಟೇಷನ್ನಿನಲ್ಲಿ ನಾನು ನಿಂತಿರುತ್ತೇನೆ. ನನ್ನ ತಲೆಯಲ್ಲೂ ಕೂದಲಿಲ್ಲ, ಮುಂಚೆಯೇ ಹೇಳಿಬಿಡುತ್ತೇನೆ, ಗೊತ್ತಾಗದೆ ಮುಂದಿನ ರೈಲಿಗೆ ಹತ್ತಿಬಿಟ್ಟೀಯ. ಬರಲಾಗದಿದ್ದರೂ ಪರವಾಗಿಲ್ಲ, ನಾನು ಎಲ್ಲ ಭಾನುವಾರದ ಹಾಗೆ ಒಬ್ಬನೇ ಉಣ್ಣುತ್ತೇನೆ, ಅದು ರೂಢಿಯಾಗಿದೆ. ಆದರೆ ಇದೊಂದನ್ನು ಮಾತ್ರ ಒಪ್ಪಿಕೊಳ್ಳಬೇಕು. ಯಾರಾದರೂ ಕೇಳಿದರೆ, ನಿನ್ನ ಮಕ್ಕಳು, ನಿನ್ನ ಕೂಲಿಯವರು, ಸುಣ್ಣದ ವ್ಯಾಪಾರಿ, ನಾಳೆ ಪಾದ್ರಿಯೇ ಕೇಳಿದರೂ, ಕದ್ದೆ ಎಂದು ಇನ್ನೊಮ್ಮೆ ಹೇಳಬೇಡ. ಆ ಟೈರನ್ನು ನಾನು ನಿನಗೆ ಕೊಟ್ಟಿದ್ದೇನೆ.

ಎಲ್ಲಿದ್ದರೂ ಬೆಚ್ಚಗಿರು. ನಿನ್ನ ಕೈಯ ಗಾರೆ ನಿಲ್ಲಲಿ, ನಿನ್ನ ಮಂಡಿಗಳು ನನ್ನವುಗಳಿಗಿಂತ ಗಟ್ಟಿಯಾಗಿರಲಿ.

ನಿನ್ನ,
ಲೆಯೊನ್ಸ್